ಓದುವ ಮಕ್ಕಳ ಬಳಿ ಹೋಗಲು ವೀಸಾ: ಶಿರಸಿ, ಕಾರವಾರದ ಅಪ್ಪ-ಅಮ್ಮಂದಿರು ಕಾಗದ ಜೋಡಿಸಿಕೊಳ್ಳುವ ಬಗೆ

ನಮ್ಮ ಮೊದಲ ವೀಸಾ ಅರ್ಜಿ ತಿರಸ್ಕಾರವಾದ ದಿನ ನಮ್ಮವರು ತೋಟಕ್ಕೆ ಹೋದವರು ಕತ್ತಲಾದ ಮೇಲೆ ಬಂದರು. ಊಟಕ್ಕೆ ಕೂತಾಗ ಕೇಳಿದ್ದು ಒಂದೇ ಮಾತು. "ನಾವು ಅಲ್ಲೇ ಉಳಿದುಬಿಡ್ತೇವೆ ಅಂತ ಅವರಿಗೆ ಯಾಕೆ ಅನ್ನಿಸಿತು?"

ಎರಡು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಮೂರು ದನ, ಮನೆಯಲ್ಲಿ ವಯಸ್ಸಾದ ಅತ್ತೆ. ಇಷ್ಟನ್ನು ಬಿಟ್ಟು ವಿದೇಶದಲ್ಲಿ ಓದುವ ಮಗನ ಒಂದು ಕೋಣೆಯ ಮನೆಯಲ್ಲಿ ಉಳಿಯುವವರು ಅಂತ ನಮ್ಮನ್ನು ನೋಡಿದವರು ಯಾರೂ ಹೇಳಲಾರರು. ಆದರೆ ಆ ಅಧಿಕಾರಿ ನಮ್ಮ ಬದುಕನ್ನು ನೋಡಿರಲಿಲ್ಲ. ನೋಡಿದ್ದು ಕಾಗದ. ಆ ಕಾಗದದಲ್ಲಿ ತೋಟ ಇರಲಿಲ್ಲ, ಅತ್ತೆ ಇರಲಿಲ್ಲ. ಕಣ್ಣಿಗೆ ಬಿದ್ದದ್ದು ಅರ್ಜಿ ಹಾಕುವ ಹನ್ನೆರಡು ದಿನ ಮೊದಲು ಖಾತೆಗೆ ಬಂದ ಆರು ಲಕ್ಷ ರೂಪಾಯಿ.

ಆ ದುಡ್ಡು ನಮ್ಮದೇ. ಅಡಿಕೆ ಮಾರಿದ್ದು, ಸೊಸೈಟಿಯ (ಸಹಕಾರಿ ಸಂಘದ) ಖಾತೆಯಲ್ಲಿ ಇತ್ತು. ವೀಸಾಕ್ಕೆ ಬ್ಯಾಂಕಿನಲ್ಲಿ ದುಡ್ಡು ತೋರಿಸಬೇಕು ಅಂತ ಯಾರೋ ಹೇಳಿದರು, ಒಟ್ಟಿಗೆ ಬ್ಯಾಂಕಿಗೆ ಹಾಕಿದೆವು. ಎಲ್ಲಿಂದ ಬಂತು ಎಂಬ ಒಂದು ಚೀಟಿಯನ್ನೂ ಲಗತ್ತಿಸಲಿಲ್ಲ. ಮರುವರ್ಷ ಅದೇ ದುಡ್ಡು, ಅದೇ ತೋಟ, ಅದೇ ಜನ. ಕಾಗದ ಮಾತ್ರ ಸರಿಯಾಗಿತ್ತು. ವೀಸಾ ಬಂತು.

ಆಮೇಲೆ ಸಿದ್ದಾಪುರ, ಯಲ್ಲಾಪುರ, ಕುಮಟಾ, ಕಾರವಾರದಿಂದ ನೆಂಟರಿಷ್ಟರು ಫೋನ್ ಮಾಡಿ ಕೇಳತೊಡಗಿದರು. ಹಲವರ ಫೈಲು ಜೋಡಿಸಲು ಜೊತೆಗೆ ಕೂತಿದ್ದೇನೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯವರಿಗೆ ಆಸ್ತಿ ಇಲ್ಲ, ಆದಾಯ ಇಲ್ಲ ಎಂಬ ತೊಂದರೆ ಕಡಿಮೆ. ಇದ್ದದ್ದು ಕಾಗದದಲ್ಲಿ ಕಾಣುವುದಿಲ್ಲ ಎಂಬುದೇ ತೊಂದರೆ. ಅದನ್ನು ಸರಿ ಮಾಡಲು ಒಂದು ವರ್ಷ ಮೊದಲೇ ಶುರು ಮಾಡಿ.

ಮೊದಲ ಹೆಜ್ಜೆ: ಯಾವ ವೀಸಾ ಎಂದು ತಿಳಿದುಕೊಳ್ಳಿ

ಮಗ ಅಥವಾ ಮಗಳು ಹದಿನೆಂಟು ದಾಟಿ ಡಿಗ್ರಿಗೋ ಎಂಎಸ್‌ಗೋ ಹೋಗಿದ್ದರೆ, ಓದು ಮುಗಿಯುವವರೆಗೆ ಅಪ್ಪ-ಅಮ್ಮ ಜೊತೆಯಲ್ಲಿ ಇರಲಿ ಎಂದು ಕೊಡುವ ವೀಸಾ ಅಮೆರಿಕ, ಬ್ರಿಟನ್, ಕೆನಡಾದಲ್ಲಿ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಅಮೆರಿಕದಲ್ಲಿ ವಿದ್ಯಾರ್ಥಿಯದ್ದು ಎಫ್-1 ವೀಸಾ. ಅದರ ಜೊತೆ ಸಿಗುವ ಎಫ್-2 ಗಂಡ ಅಥವಾ ಹೆಂಡತಿಗೆ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳಿಗೆ ಮಾತ್ರ. ಅಪ್ಪ-ಅಮ್ಮಂದಿರು ಬಿ-2 ಎಂಬ ಪ್ರವಾಸಿ ವೀಸಾದಲ್ಲೇ ಹೋಗಬೇಕು. ಬ್ರಿಟನ್ನಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ, ಒಂದು ಸಲಕ್ಕೆ ಹೆಚ್ಚೆಂದರೆ 6 ತಿಂಗಳು. ಕೆನಡಾಕ್ಕೂ ವಿಸಿಟರ್ ವೀಸಾ. ಅಲ್ಲಿ ಸೂಪರ್ ವೀಸಾ ಎಂಬುದೊಂದಿದೆ, ಒಂದು ಸಲ ಹೋದರೆ 5 ವರ್ಷದವರೆಗೆ ಇರಬಹುದು. ಆದರೆ ಅದು ಪೌರತ್ವ ಅಥವಾ ಪಿಆರ್ (ಕಾಯಂ ವಾಸದ ಅನುಮತಿ) ಇರುವವರ ತಂದೆ-ತಾಯಿಗೆ. ಓದುತ್ತಿರುವ ಮಗಳ ಹೆಸರಲ್ಲಿ ಅದನ್ನು ಕೊಡಿಸುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಜರ್ಮನಿ, ಫ್ರಾನ್ಸ್, ಇಟಲಿ ಕಡೆಗಾದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು.

ಮಕ್ಕಳು ಚಿಕ್ಕವರಾದರೆ ಬೇರೆ ದಾರಿಗಳಿವೆ. ಆಸ್ಟ್ರೇಲಿಯಾದಲ್ಲಿ 18 ವರ್ಷದೊಳಗಿನ ವಿದ್ಯಾರ್ಥಿಯ ಜೊತೆ ಇರಲು ಸ್ಟೂಡೆಂಟ್ ಗಾರ್ಡಿಯನ್ ವೀಸಾ ಇದೆ, ಅದರ ಸಂಖ್ಯೆ 590. ಅದರಲ್ಲಿ ಕೆಲಸ ಮಾಡುವಂತಿಲ್ಲ. ಬ್ರಿಟನ್ನಿನಲ್ಲಿ ಖಾಸಗಿ ಶಾಲೆಯಲ್ಲಿ ಓದುವ 4ರಿಂದ 11 ವರ್ಷದ ಮಗುವಿನ ಜೊತೆ ಅಪ್ಪ ಅಥವಾ ಅಮ್ಮ, ಒಬ್ಬರು ಇರಬಹುದು. ಮಗುವಿಗೆ 12 ತುಂಬಿದರೆ ಅದು ಮುಗಿಯಿತು. ನ್ಯೂಜಿಲೆಂಡಿನಲ್ಲೂ ವಿದ್ಯಾರ್ಥಿಯ ಪಾಲಕರಿಗೆಂದೇ ವೀಸಾ ಇದೆ. ಸಿಂಗಪುರದಲ್ಲಿ ಓದುವ ಮಗುವಿನ ತಾಯಿ ಅಥವಾ ಅಜ್ಜಿಗೆ ದೀರ್ಘಾವಧಿ ಪಾಸ್ ಕೇಳಬಹುದು. ನಮ್ಮ ಕಡೆಯಿಂದ ಇಷ್ಟು ಚಿಕ್ಕ ಮಕ್ಕಳನ್ನು ಕಳಿಸುವವರು ಕಡಿಮೆ. ಹಾಗಾಗಿ ಮುಂದಿನದ್ದೆಲ್ಲ ಪ್ರವಾಸಿ ವೀಸಾದ ಮಾತು.

ಎರಡನೆಯದು: ಪಾಸ್‌ಪೋರ್ಟ್, ಅದರಲ್ಲಿನ ಹೆಸರು

ಪಾಸ್‌ಪೋರ್ಟ್ ಮಾಡಿಸುವುದು ಈಗ ಕಷ್ಟವಲ್ಲ. 36 ಪುಟದ್ದಕ್ಕೆ 1,500 ರೂಪಾಯಿ. ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅಂಚೆ ಕಚೇರಿಗಳಲ್ಲಿ ನಡೆಯುವ ಕೇಂದ್ರಗಳಲ್ಲಿ ನಿಮಗೆ ಯಾವುದು ಹತ್ತಿರ ಎಂಬುದು ಅರ್ಜಿ ತುಂಬುವಾಗ ಅಲ್ಲೇ ಕಾಣುತ್ತದೆ. ಕಷ್ಟ ಇರುವುದು ಹೆಸರಿನಲ್ಲಿ.

ನಮ್ಮಲ್ಲಿ ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರನ್ನೇ ಬದಲಿಸುವ ರೂಢಿ ಇತ್ತು. ಹವ್ಯಕರಲ್ಲಿ, ಕೊಂಕಣಿಗರಲ್ಲಿ ಅರವತ್ತು ದಾಟಿದ ಎಷ್ಟೋ ಅಮ್ಮಂದಿರಿಗೆ ಎರಡೆರಡು ಹೆಸರು. ಶಾಲೆ ದಾಖಲೆಯಲ್ಲಿ ಭಾಗೀರಥಿ, ಆಧಾರ್‌ನಲ್ಲಿ ಮಹಾಲಕ್ಷ್ಮಿ. ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಅಡ್ಡಹೆಸರಿನ ಇಂಗ್ಲಿಷ್ ಅಕ್ಷರಗಳೂ ಹಾಗೇ. ಹೆಗಡೆ ಎಂಬುದನ್ನು ಒಂದೇ ಮನೆಯಲ್ಲಿ ಮೂರು ರೀತಿ ಬರೆದದ್ದನ್ನು ನೋಡಿದ್ದೇನೆ.

ಏನು ಮಾಡಬೇಕು? ಮಗ ಅಥವಾ ಮಗಳ ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ನೋಡಿ. ಅಲ್ಲಿ ತಂದೆಯ ಹೆಸರು, ತಾಯಿಯ ಹೆಸರು ಅಚ್ಚಾಗಿರುತ್ತದೆ. ನೀವು ಅವರ ತಂದೆ-ತಾಯಿ ಎಂದು ತೋರಿಸಲು ಅದಕ್ಕಿಂತ ಸುಲಭದ ಪುರಾವೆ ಇಲ್ಲ. ನೀವು ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವುದಾದರೆ, ದಾಖಲೆ ಒಪ್ಪಿದಷ್ಟೂ, ಅಲ್ಲಿರುವ ಅಕ್ಷರಕ್ಕೆ ಅಕ್ಷರ ಹೊಂದುವಂತೆ ಮಾಡಿಸಿ. ಈಗಾಗಲೇ ಬೇರೆ ಹೆಸರಲ್ಲಿ ಇದ್ದರೆ, ಎರಡೂ ಹೆಸರು ಒಬ್ಬರದೇ ಎಂದು ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸಿಕೊಳ್ಳಿ. ಮದುವೆ ನೋಂದಣಿ ಆಗದಿದ್ದರೆ ಈಗಲಾದರೂ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿ. ನಲವತ್ತು ವರ್ಷ ಸಂಸಾರ ಮಾಡಿದ ಮೇಲೆ ಇದ್ಯಾಕೆ ಅಂತ ಅನ್ನಿಸಬಹುದು. ಆದರೆ ಈ ಒಂದು ಕಾಗದ ಬೇರೆ ಹತ್ತು ಕಡೆ ಉಪಯೋಗಕ್ಕೆ ಬರುತ್ತದೆ.

ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ. ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ತಪ್ಪೇನೂ ಅಲ್ಲ. ಆದರೆ ಟಿಕೆಟ್, ವಿಮೆ ಎಲ್ಲದರಲ್ಲೂ ಗೊಂದಲ.

ಮೂರನೆಯದು: ದುಡ್ಡು, ಅದು ಬಂದ ದಾರಿ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಡೆಯ ಅರ್ಜಿಗಳು ಎಡವುವುದು ಇಲ್ಲೇ ಜಾಸ್ತಿ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ನಮ್ಮ ಹೆಚ್ಚಿನ ಮನೆಗಳಲ್ಲಿ ರಿಟರ್ನ್ ಸಲ್ಲಿಸುವ ಅಭ್ಯಾಸವೇ ಇಲ್ಲ. ಕಾನೂನಿನಲ್ಲಿ ಅದು ಸರಿಯೇ. ಆದರೆ ವೀಸಾ ಅಧಿಕಾರಿ ಮೊದಲು ಹುಡುಕುವುದು ಅದನ್ನೇ. ನನ್ನ ಸಲಹೆ: ಹೋಗಬೇಕು ಅಂತ ಮನಸ್ಸಿನಲ್ಲಿ ಬಂದ ವರ್ಷದಿಂದಲೇ, ತೆರಿಗೆ ಬರದಿದ್ದರೂ, ಲೆಕ್ಕಪರಿಶೋಧಕರ ಹತ್ತಿರ ಹೋಗಿ ರಿಟರ್ನ್ ಹಾಕಿಸಿ. ಕೃಷಿ ಆದಾಯವನ್ನು ವಿನಾಯಿತಿಯ ಪಟ್ಟಿಯಲ್ಲಿ ತೋರಿಸಿ. ಎರಡು-ಮೂರು ವರ್ಷದ್ದು ಸಾಲಾಗಿ ಇದ್ದರೆ ಆ ಫೈಲಿನ ತೂಕವೇ ಬೇರೆ.

ಅದರ ಜೊತೆ ಪಹಣಿ. ಪಹಣಿ ಕನ್ನಡದಲ್ಲಿರುತ್ತದೆ. ಇಂಗ್ಲಿಷಿಗೆ ಅನುವಾದ ಮಾಡಿಸಿ, ಅನುವಾದ ಮಾಡಿದವರ ಹೆಸರು, ಸಹಿ, ತಾರೀಕು ಹಾಕಿಸಿ. ಎಕರೆ-ಗುಂಟೆ ಅವರಿಗೆ ಅರ್ಥವಾಗುವುದಿಲ್ಲ, ಹೆಕ್ಟೇರ್ ಲೆಕ್ಕವನ್ನೂ ಪಕ್ಕದಲ್ಲಿ ಬರೆಸಿ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆಯಾ? ನಮ್ಮಲ್ಲಿ ಹಾಗೆ ಎಷ್ಟೋ ಮನೆ. ಅಜ್ಜ ತೀರಿಹೋಗಿ ಇಪ್ಪತ್ತು ವರ್ಷವಾದರೂ ಹಿಸ್ಸೆ ಆಗಿರುವುದಿಲ್ಲ. ಅಂಥವರು ಮೊದಲು ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಕೊಡಿ. ಅದು ತಿಂಗಳುಗಟ್ಟಲೆ ಹಿಡಿಯಬಹುದು, ಅದಕ್ಕೇ ಒಂದು ವರ್ಷ ಅಂದದ್ದು. ಅದು ಆಗುವವರೆಗೆ ನಾಡಕಚೇರಿಯಿಂದ ವಂಶವೃಕ್ಷ ಪಡೆದು ಪಹಣಿಯ ಜೊತೆ ಇಡಿ. ಅತಿಕ್ರಮಣದ ಜಾಗ ಮಾಡುತ್ತಿದ್ದರೆ ಅದನ್ನು ನಿಮ್ಮ ಆಸ್ತಿ ಎಂದು ತೋರಿಸಲೇಬೇಡಿ. ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಬೆಟ್ಟ ಭೂಮಿಯನ್ನೂ ಸ್ವಂತದ್ದು ಎಂದು ಬರೆಯಬೇಡಿ. ಹಕ್ಕು ಇರುವುದು ಎಷ್ಟೋ ಅಷ್ಟು ಸಾಕು.

ಆಮೇಲೆ ಅಡಿಕೆಯ ದುಡ್ಡು. ಶಿರಸಿ ಕಡೆಯ ರೈತರದ್ದು ಒಂದು ವಿಶೇಷ. ನಮ್ಮ ಮಹಸೂಲು ಸಹಕಾರಿ ಸಂಘಕ್ಕೆ ಹೋಗುತ್ತದೆ, ದುಡ್ಡು ಅಲ್ಲೇ ಖಾತೆಗೆ ಜಮಾ ಆಗುತ್ತದೆ, ಕಿರಾಣಿ, ಗೊಬ್ಬರ, ಸಾಲದ ಕಂತು ಎಲ್ಲ ಅಲ್ಲೇ ಕಳೆಯುತ್ತದೆ. ಉಳಿದದ್ದು ಬೇಕಾದಾಗ ಬ್ಯಾಂಕಿಗೆ. ನಮಗೆ ಇದು ತಲೆಮಾರುಗಳ ನಂಬಿಕೆಯ ವ್ಯವಸ್ಥೆ. ದೂರದಲ್ಲಿ ಕೂತು ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ನೋಡುವವರಿಗೆ ಏನು ಕಾಣುತ್ತದೆ? ವರ್ಷವಿಡೀ ಹತ್ತು-ಇಪ್ಪತ್ತು ಸಾವಿರ ಓಡಾಡುವ ಖಾತೆ, ಅರ್ಜಿಯ ಮುಂಚೆ ದಿಢೀರ್ ಲಕ್ಷಗಳು. ಯಾರದೋ ದುಡ್ಡು ಸಾಲ ತಂದು ಹಾಕಿದ್ದಾರೆ ಅಂತ ಅವರು ತಿಳಿಯುತ್ತಾರೆ. ನಮಗೆ ಆದದ್ದು ಅದೇ.

ಎರಡನೇ ಸಲ ನಾವು ಮಾಡಿದ್ದು ಹೀಗೆ. ಮನೆಯ ಟ್ರಂಕಿನಲ್ಲಿ ಮೂರು ವರ್ಷದ ವಿಕ್ರಿ ಪಟ್ಟಿಗಳು ರಬ್ಬರ್ ಬ್ಯಾಂಡ್ ಹಾಕಿ ಇದ್ದವು. ರಬ್ಬರ್ ಕರಗಿ ಮೇಲಿನ ಕಾಗದಕ್ಕೆ ಅಂಟಿಕೊಂಡಿತ್ತು. ಒಂದೊಂದನ್ನೇ ಬಿಡಿಸಿ ಜಗಲಿಯ ಮೇಲೆ ತಾರೀಕಿನ ಪ್ರಕಾರ ಹರವಿದೆವು. ಇದು ಚಾಲಿ ಅಡಿಕೆ, ಇದು ರಾಶಿ ಅಡಿಕೆ, ಇಷ್ಟು ಕ್ವಿಂಟಲ್, ಈ ದರ, ಈ ದಿನ. ಪಕ್ಕದಲ್ಲಿ ಸಂಘದ ಪಾಸ್‌ಬುಕ್ಕು. ಅದರ ಪಕ್ಕ ಬ್ಯಾಂಕಿನ ಸ್ಟೇಟ್‌ಮೆಂಟು. ಪಟ್ಟಿಯ ಮೊತ್ತ ಸಂಘದ ಖಾತೆಗೆ ಬಂದ ಸಾಲಿಗೆ ಒಂದು ಪೆನ್ಸಿಲ್ ಗುರುತು, ಅಲ್ಲಿಂದ ಬ್ಯಾಂಕಿಗೆ ಹೋದ ಸಾಲಿಗೆ ಅದೇ ಗುರುತು. ಕೊನೆಗೆ ಒಂದು ಪುಟದಲ್ಲಿ ನಾಲ್ಕು ಸಾಲಿನ ಪಟ್ಟಿ ಮಾಡಿದೆವು: ಯಾವ ದಿನ, ಎಷ್ಟು ರೂಪಾಯಿ, ಎಲ್ಲಿಂದ, ಯಾವ ಲಗತ್ತಿನಲ್ಲಿ ನೋಡಬಹುದು. ಸಂಘದಿಂದ ಇಂಗ್ಲಿಷಿನಲ್ಲಿ ಒಂದು ಪತ್ರ, ಸೀಲು ಸಹಿತ. ನಾವು ಎಷ್ಟು ವರ್ಷದಿಂದ ಸದಸ್ಯರು, ವರ್ಷಕ್ಕೆ ಎಷ್ಟು ವಹಿವಾಟು ಎಂದು. ಕೇಳಿದರೆ ಸಂಘದವರು ಕೊಡುತ್ತಾರೆ. ಹೋಗುವ ಹಿಂದಿನ ವರ್ಷ ಮಾತ್ರ ಮಾರಾಟದ ದುಡ್ಡನ್ನು ಸಂಘದಲ್ಲೇ ಇಡದೆ, ಬಂದ ಬಂದಹಾಗೆ ಬ್ಯಾಂಕಿಗೆ ವರ್ಗಾಯಿಸಿ. ಆರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಆದಾಯ ತಾನಾಗಿಯೇ ಕಾಣುತ್ತದೆ.

ಕರಾವಳಿಯವರಿಗೆ ಬೇರೆ ಲೆಕ್ಕ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ ಹೊತ್ತಿಗೆ ದೋಣಿ ರಿಪೇರಿ, ಬಲೆ ಅಂತ ದುಡ್ಡು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಬೈತಖೋಲ, ತದಡಿ, ಭಟ್ಕಳದ ದೋಣಿ ಮಾಲೀಕರು ಆಗಸ್ಟಿನಲ್ಲಿ ಅರ್ಜಿ ಹಾಕಿದರೆ ಸ್ಟೇಟ್‌ಮೆಂಟ್ ಬಡವಾಗಿ ಕಾಣುತ್ತದೆ. ಜನವರಿಯ ನಂತರ ಹಾಕಿ. ದೋಣಿಯ ನೋಂದಣಿ ಪತ್ರ, ಪರವಾನಗಿ, ಮೀನುಗಾರರ ಸಂಘದ ಲೆಕ್ಕ ಜೊತೆಗಿರಲಿ. ನಿಷೇಧದ ಎರಡು ತಿಂಗಳ ವಿಷಯವನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿ.

ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಸರ್ಕಾರಿ ಶಾಲೆ, ಬೇರೆ ಇಲಾಖೆಗಳಲ್ಲಿ ಕೆಲಸ ಮಾಡುವವರು ಇಲಾಖೆಯ ಅನುಮತಿ ಪತ್ರ, ರಜೆ ಮಂಜೂರಾತಿ ಎರಡನ್ನೂ ಮೊದಲೇ ಕೇಳಿಕೊಳ್ಳಿ. ಇದು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ವಾರಗಳು ಕಳೆಯುತ್ತವೆ. ನಿವೃತ್ತರಿಗೆ ಪಿಂಚಣಿ ಆದೇಶದ ಪ್ರತಿ ಸಾಕು. ಅವರದ್ದೇ ಎಲ್ಲಕ್ಕಿಂತ ಸಲೀಸು.

ಒಂದು ಎಚ್ಚರಿಕೆ. ಮಕ್ಕಳ ವಿದ್ಯಾರ್ಥಿವೇತನಕ್ಕೆ ಎಂದು ಹಿಂದೆ ತೆಗೆದ ಆದಾಯ ಪ್ರಮಾಣಪತ್ರ ಮನೆಯಲ್ಲಿ ಇರುತ್ತದೆ. ಅದರಲ್ಲಿ ಒಂದು ಮೊತ್ತ, ಈಗಿನ ಕಾಗದದಲ್ಲಿ ಇನ್ನೊಂದು ಮೊತ್ತ. ಹಳೆಯದನ್ನು ಸುಮ್ನೆ ಫೈಲಿಗೆ ಸೇರಿಸಬೇಡಿ. ಈ ವರ್ಷದ ನಿಜವಾದ ಆದಾಯಕ್ಕೆ ಹೊಸ ಪ್ರಮಾಣಪತ್ರ ಪಡೆಯಿರಿ.

ಖರ್ಚು ಯಾರದು ಎಂಬ ಪ್ರಶ್ನೆಗೆ "ಮಗ ನೋಡ್ಕೋತಾನೆ" ಎನ್ನುವುದು ನಮ್ಮ ಬಾಯಿಗೆ ತಟ್ಟನೆ ಬರುವ ಉತ್ತರ. ಅದರಲ್ಲಿ ಹೆಮ್ಮೆ ಇದೆ, ಅಲ್ವಾ? ಆದರೆ ಮಗ ಇನ್ನೂ ಓದುತ್ತಿದ್ದಾನೆ. ಅವನ ಖಾತೆಯಲ್ಲಿರುವುದು ಶಿಕ್ಷಣ ಸಾಲದ ದುಡ್ಡು. ಓದುವವನ ಮೇಲೆ ಖರ್ಚು ಹಾಕಿ ಹೊರಟವರು ಅಂತ ಕಂಡರೆ ಅರ್ಜಿ ದುರ್ಬಲವಾಗುತ್ತದೆ. ಟಿಕೆಟ್, ವಿಮೆ, ಕೈಖರ್ಚು ನಿಮ್ಮದೇ ಎಂದು ಇರಲಿ. ಉಳಿಯುವ ಜಾಗ ಮಾತ್ರ ಅವನದ್ದು.

ನಾಲ್ಕನೆಯದು: ವಾಪಸ್ ಬರುತ್ತೀರಿ ಎಂಬುದನ್ನು ತೋರಿಸುವುದು

ಅಮೆರಿಕದ ಕಾನೂನಿನ 214(ಬಿ) ಎಂಬ ಕಲಮು ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರನ್ನೂ ಅಲ್ಲೇ ನೆಲೆಸಲು ಬಂದವರು ಎಂದೇ ಮೊದಲು ಎಣಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಬೇರೆ ದೇಶಗಳ ನಿಯಮದ ಮಾತು ಬೇರೆ ಇರಬಹುದು, ನೋಡುವ ಕಣ್ಣು ಇದೇ.

ಇದಕ್ಕೆ ನಮ್ಮ ಬದುಕೇ ಉತ್ತರ. ಅಡಿಕೆ ಕೊಯ್ಲು, ಸುಲಿಯುವುದು, ಒಣಗಿಸುವುದು ನವೆಂಬರಿನಿಂದ ಫೆಬ್ರವರಿ-ಮಾರ್ಚಿನವರೆಗೆ. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲೇಬೇಕು. ನಡುವೆ ಸಿಗುವುದು ಏಪ್ರಿಲ್, ಮೇ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳ ಘಟಿಕೋತ್ಸವವೂ ಮೇ ತಿಂಗಳಲ್ಲೇ. ಇದನ್ನು ಪತ್ರದಲ್ಲಿ ಬರೆಯಿರಿ. ನಾವು ಬರೆದದ್ದು ಇಷ್ಟೇ: ಮಾರ್ಚಿಗೆ ನಮ್ಮ ಕೊಯ್ಲು ಮುಗಿಯುತ್ತದೆ, ಜೂನ್ ಮೊದಲ ವಾರ ತೋಟಕ್ಕೆ ಔಷಧಿ ಹೊಡೆಸಬೇಕು, ಅಷ್ಟರೊಳಗೆ ವಾಪಸ್ ಬರುತ್ತೇವೆ. ನಡುವಿನ ಆರು ವಾರ ಮನೆ, ದನ, ಅತ್ತೆಯನ್ನು ಮೈದುನನ ಮನೆಯವರು ನೋಡಿಕೊಳ್ಳುತ್ತಾರೆ. ಹೋಗಿ ಬರುವ ತಾರೀಕಿಗೆ ಒಂದು ಕಾರಣ ಇದ್ದರೆ ಆ ಪತ್ರವನ್ನು ಓದಿದವರಿಗೆ ನಂಬಿಕೆ ಬರುತ್ತದೆ. "ಆರು ತಿಂಗಳು ಇರ್ತೇವೆ" ಎಂದು ಬರೆದು, ಆರು ತಿಂಗಳು ತೋಟ ಯಾರು ನೋಡುತ್ತಾರೆ ಎಂದು ಹೇಳದೇ ಹೋದರೆ ಅನುಮಾನ ಸಹಜ.

ಐದನೆಯದು: ಮಗ ಅಥವಾ ಮಗಳಿಂದ ತರಿಸಬೇಕಾದ್ದು

ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವಿದ್ಯಾರ್ಥಿ ವೀಸಾ ಅಥವಾ ಪರ್ಮಿಟ್‌ನ ಪ್ರತಿ, ಈಗ ಓದುತ್ತಿರುವುದಕ್ಕೆ ಕಾಲೇಜಿನ ಪತ್ರ, ಬಾಡಿಗೆ ಕರಾರು. ಅಮೆರಿಕವಾದರೆ ಐ-20 ಎಂಬ, ಕಾಲೇಜು ವಿದ್ಯಾರ್ಥಿಗೆ ಕೊಡುವ ದಾಖಲೆ. ಬಾಡಿಗೆ ಮನೆಯಲ್ಲಿ ಇನ್ನೂ ಮೂವರು ಹುಡುಗರಿದ್ದರೆ ನೀವು ಎಲ್ಲಿ ಮಲಗುತ್ತೀರಿ ಎಂಬುದನ್ನೂ ಹೇಳಬೇಕು. ಹಾಸ್ಟೆಲಿನಲ್ಲಿದ್ದರೆ ಹೋಟೆಲ್ ಕಾಯ್ದಿರಿಸಿ ತೋರಿಸಿ. ಆಹ್ವಾನ ಪತ್ರ ಒಂದೇ ಪುಟ ಸಾಕು. ಯಾರು, ಯಾಕೆ, ಯಾವಾಗಿನಿಂದ ಯಾವಾಗಿನವರೆಗೆ, ಎಲ್ಲಿ. ಪ್ರೀತಿಯ ಮಾತು ಅಲ್ಲಿ ಬೇಡ.

ಆರನೆಯದು: ಅರ್ಜಿ, ಊರು ಬಿಟ್ಟು ಹೋಗುವ ತಿರುಗಾಟ

ಅಮೆರಿಕಕ್ಕೆ ಡಿಎಸ್-160 ಎಂಬ ಫಾರ್ಮ್. ಶುಲ್ಕ 2023ರ ಜೂನ್‌ನಿಂದ 185 ಡಾಲರ್. ತುಂಬುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಪುಟ ಮುಚ್ಚಿಹೋಗುತ್ತದೆ. ಅರ್ಜಿ ಸಂಖ್ಯೆಯನ್ನು ಮೊದಲೇ ಒಂದು ಕಾಗದದ ಮೇಲೆ ಬರೆದುಕೊಳ್ಳಿ, ಪ್ರತಿ ಪುಟಕ್ಕೂ ಸೇವ್ ಒತ್ತಿ. ಮಗ ಅಲ್ಲಿದ್ದಾನಾ ಎಂದು ಕೇಳುತ್ತದೆ. ಹೌದು ಎಂದೇ ಹೇಳಿ. ಭಾರತದಲ್ಲಿ ಸಂದರ್ಶನ ನಡೆಯುವುದು ಚೆನ್ನೈ, ಹೈದರಾಬಾದ್, ಮುಂಬೈ, ಕೋಲ್ಕತ್ತ, ದೆಹಲಿಯಲ್ಲಿ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. ಮೊದಲೆಲ್ಲ 79 ದಾಟಿದವರಿಗೆ ಸಂದರ್ಶನದಿಂದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 2ರಿಂದ ಅದನ್ನು ತೆಗೆದಿದ್ದಾರೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಗಾಲಿಕುರ್ಚಿ, ಔಷಧಿಯ ಯೋಚನೆ ಮೊದಲೇ ಮಾಡಿ.

ಬ್ರಿಟನ್ನಿನ ಆರು ತಿಂಗಳ ವೀಸಾಕ್ಕೆ 2025ರ ಏಪ್ರಿಲ್‌ನಲ್ಲಿ ಶುಲ್ಕ 127 ಪೌಂಡ್ ಆಯಿತು. ಸಾಮಾನ್ಯವಾಗಿ ಸಂದರ್ಶನ ಇರುವುದಿಲ್ಲ, ಕಾಗದವೇ ಎಲ್ಲ. ಹೊರಡುವ 3 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಷೆಂಗೆನ್‌ಗೆ 2024ರ ಜೂನ್ 11ರಿಂದ 90 ಯೂರೋ. ಹೊರಡುವ 6 ತಿಂಗಳ ಮೊದಲಿನಿಂದ, ಕೊನೆಯೆಂದರೆ 15 ದಿನ ಮೊದಲಿನವರೆಗೆ ಹಾಕಬಹುದು. ಕೆನಡಾಕ್ಕೆ 100 ಡಾಲರ್, ಬೆರಳಚ್ಚಿಗೆ 85 ಡಾಲರ್, ಎರಡೂ ಅಲ್ಲಿಯ ಡಾಲರ್. ಒಮ್ಮೆ ಕೊಟ್ಟ ಬೆರಳಚ್ಚು ಅಲ್ಲಿ 10 ವರ್ಷ ನಡೆಯುತ್ತದೆ. ಈ ಮೊತ್ತಗಳು ಬದಲಾಗುತ್ತಲೇ ಇರುತ್ತವೆ, ಹಣ ಕಟ್ಟುವ ದಿನ ಆ ದೇಶದ ಸರ್ಕಾರಿ ಜಾಲತಾಣದಲ್ಲೇ ನೋಡಿ.

ಕಾರವಾರದವರಿಗೆ ಗೋವಾ ಹತ್ತಿರ, ಬೆಂಗಳೂರು ದೂರ. ಅರ್ಜಿಯನ್ನು ಪಣಜಿಯಲ್ಲೇ ಕೊಟ್ಟುಬಿಡೋಣ ಅಂತ ಅನ್ನಿಸುವುದು ಸಹಜ. ಆದರೆ ಕೆಲವು ಷೆಂಗೆನ್ ದೇಶಗಳು ನೀವು ವಾಸವಿರುವ ರಾಜ್ಯ ಯಾವ ದೂತಾವಾಸದ ವ್ಯಾಪ್ತಿಗೆ ಬರುತ್ತದೆ ಎಂದು ನೋಡುತ್ತವೆ. ಹೋಗುವ ಮುನ್ನ ವ್ಯಾಪ್ತಿ ಖಾತ್ರಿ ಮಾಡಿಕೊಳ್ಳಿ. ಬೆಂಗಳೂರಿಗೆ ಕಾರವಾರ, ಕುಮಟಾ ಕಡೆಯವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಇಳಿಸುತ್ತದೆ. ಮುಂಬೈಗೆ ಮತ್ಸ್ಯಗಂಧ. ಶಿರಸಿಗೆ ರೈಲಿಲ್ಲ, ಹುಬ್ಬಳ್ಳಿಗೆ ಹೋಗಿ ಹತ್ತುವುದು ಒಳ್ಳೆಯದು.

ಮಳೆಗಾಲದಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕರೆ ಎರಡು ದಿನ ಮೊದಲೇ ಹೊರಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಎಷ್ಟು ದಿನ ಮುಚ್ಚಿತ್ತು ಎಂಬುದು ನಮಗೆಲ್ಲ ನೆನಪಿದೆ. ಘಟ್ಟದ ರಸ್ತೆಗಳನ್ನೂ ನಂಬುವ ಹಾಗಿಲ್ಲ. ತಪ್ಪಿದ ದಿನಕ್ಕೆ ಬದಲು ದಿನ ತಿಂಗಳುಗಟ್ಟಲೆ ಸಿಗದೇ ಇರಬಹುದು.

ಬೆರಳಚ್ಚಿನ ಬಗ್ಗೆ ಅಮ್ಮಂದಿರು ಇದನ್ನು ಓದಿ. ಸುಗ್ಗಿ ಮುಗಿಸಿ ಹೋದಾಗ ನನ್ನ ಬೆರಳನ್ನು ಯಂತ್ರ ಹಿಡಿಯಲೇ ಇಲ್ಲ. ಎರಡು ತಿಂಗಳು ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದ ಕೈ. ಚೊಗರು ಉಗುರಿನ ಸಂದಿಗೆ ಕಪ್ಪಾಗಿ ಕೂತಿತ್ತು, ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾಗಿದ್ದವು. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿ, ಮತ್ತೆ ಒರೆಸಿ, ಐದಾರು ಸಲ ಪ್ರಯತ್ನ ಮಾಡಿದಳು. ಬಲಗೈ ಹೆಬ್ಬೆರಳು ಕೊನೆಗೂ ಬಂತು. ಎರಡು ವಾರ ಮೊದಲೇ ಸುಲಿಯುವುದು ನಿಲ್ಲಿಸಿ. ರಾತ್ರಿ ಮಲಗುವಾಗ ತೆಂಗಿನೆಣ್ಣೆ ಹಚ್ಚಿ. ಆ ವಾರ ಪಾತ್ರೆ ತಿಕ್ಕುವ ಸೋಪಿನ ಪುಡಿ ಮುಟ್ಟಬೇಡಿ. ಬೆರಳಿಗೆ ಗಾಯವಾಗದಂತೆ ನೋಡಿಕೊಳ್ಳಿ.

ಏಳನೆಯದು: ಸಂದರ್ಶನ

ಅಮೆರಿಕದ ಸಂದರ್ಶನ ಎರಡು-ಮೂರು ನಿಮಿಷದಲ್ಲಿ ಮುಗಿಯಬಹುದು. ಕಟ್ಟುಗಟ್ಟಲೆ ಕಾಗದ ಒಯ್ದರೂ ಒಂದನ್ನೂ ನೋಡದೇ ಇರಬಹುದು. ಬೇಸರ ಮಾಡಿಕೊಳ್ಳಬೇಡಿ. ಇಂಗ್ಲಿಷ್ ಬಾರದಿದ್ದರೆ ಮೊದಲೇ ಹೇಳಿ, ದುಭಾಷಿಯ ನೆರವು ಕೇಳಿ. ಅರೆಬರೆ ಇಂಗ್ಲಿಷಿನಲ್ಲಿ ತಡವರಿಸುವುದಕ್ಕಿಂತ ನಮ್ಮ ಭಾಷೆಯಲ್ಲಿ ನೇರವಾಗಿ ಹೇಳುವುದು ಎಷ್ಟೋ ಮೇಲು.

ನನ್ನ ಮಗ ಹಿಂದಿನ ರಾತ್ರಿ ಫೋನಿನಲ್ಲಿ ಹೇಳಿದ್ದು: "ಆಯಿ, ನೀ ಹೆದ್ರಡ. ಕೇಳಿದ್ದಕ್ಕಷ್ಟೇ ಹೇಳು." ಅದಕ್ಕಿಂತ ಒಳ್ಳೆಯ ಸಲಹೆ ನನಗೂ ಗೊತ್ತಿಲ್ಲ. ಯಾಕೆ ಹೋಗುತ್ತೀರಿ? ಮಗನ ಘಟಿಕೋತ್ಸವಕ್ಕೆ. ಅವನು ಏನು ಓದುತ್ತಿದ್ದಾನೆ, ಎಲ್ಲಿ? ಕಾಲೇಜಿನ ಹೆಸರು, ಊರು, ವಿಷಯ ಬಾಯಿಪಾಠ ಇರಲಿ. ಎಷ್ಟು ದಿನ? ಆರು ವಾರ. ಇಲ್ಲಿ ಏನು ಮಾಡುತ್ತೀರಿ? ಅಡಿಕೆ ಬೆಳೆಯುತ್ತೇವೆ, ಎರಡು ಎಕರೆ. ಬೇರೆ ಮಕ್ಕಳು? ಮಗಳು ಶಿವಮೊಗ್ಗದಲ್ಲಿದ್ದಾಳೆ. ಇಬ್ಬರೂ ಹೋದರೆ ಗಂಡ ಹೇಳಿದ್ದೂ ಹೆಂಡತಿ ಹೇಳಿದ್ದೂ ಒಂದೇ ಆಗಿರಬೇಕು. ಮನೆಯಲ್ಲಿ ಎಲ್ಲ ಮಾತೂ ಗಂಡಸರೇ ಆಡುವ ರೂಢಿ ಇದ್ದರೆ ಅಂದು ಅದನ್ನು ಬಿಡಿ. ಹೆಂಡತಿಯನ್ನು ಕೇಳಿದರೆ ಅವರೇ ಹೇಳಲಿ.

ಸುಳ್ಳು ಕಾಗದ ಬೇಡವೇ ಬೇಡ. ಖಾತೆಗೆ ನಾಲ್ಕು ದಿನ ದುಡ್ಡು ಹಾಕಿ ತೆಗೆಯುವ, ಇಲ್ಲದ ಕೆಲಸದ ಪತ್ರ ಮಾಡಿಕೊಡುವ ಏಜೆಂಟರಿದ್ದಾರೆ. ಸಿಕ್ಕಿಬಿದ್ದರೆ ವೀಸಾದ ಬಾಗಿಲು ಮುಚ್ಚುವುದು ನಿಮಗೆ. ಬ್ರಿಟನ್ 10 ವರ್ಷ, ಕೆನಡಾ 5 ವರ್ಷ, ಆಸ್ಟ್ರೇಲಿಯಾ 3 ವರ್ಷ ನಿಮ್ಮನ್ನು ದೂರ ಇಡಬಹುದು. ಅಮೆರಿಕದಲ್ಲಿ ಅದು ಜೀವನಪೂರ್ತಿ. ಮುಂದೆ ಮಗಳು ಅಲ್ಲೇ ನೆಲೆಸಿದರೆ ಮೊಮ್ಮಗುವನ್ನು ನೋಡಲೂ ಹೋಗಲಾಗದು.

ತಿರಸ್ಕಾರವಾದರೆ

ಮೊದಲು ಆ ಪತ್ರವನ್ನು ಶಬ್ದ ಶಬ್ದವಾಗಿ ಓದಿ, ಓದಿಸಿ. ಬ್ರಿಟನ್ನಿನಂಥ ದೇಶಗಳು ಕಾರಣವನ್ನು ಬರೆದೇ ಕೊಡುತ್ತವೆ. ಅಮೆರಿಕದ್ದು ಬರೀ ಕಲಮಿನ ಸಂಖ್ಯೆ ಇರುವ ಅಚ್ಚಾದ ಪತ್ರ. ಎರಡರಲ್ಲೂ ಪ್ರವಾಸಿ ವೀಸಾಕ್ಕೆ ಮೇಲ್ಮನವಿ ಇಲ್ಲ, ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು. ಜರ್ಮನಿಯಲ್ಲಿ ಮರುಪರಿಶೀಲನೆ ಕೇಳುವ ಪದ್ಧತಿ ಇತ್ತು, ಅದನ್ನೂ 2025ರ ಜುಲೈ 1ರಿಂದ ನಿಲ್ಲಿಸಿದ್ದಾರೆ. ಅದೇ ಕಾಗದ ಹಿಡಿದು ಮರುವಾರವೇ ಓಡಬೇಡಿ. ಏನು ಬದಲಾಗಿದೆ ಎಂದು ತೋರಿಸಲು ಆದಾಗ ಹೋಗಿ. ಹಿಂದೆ ತಿರಸ್ಕಾರ ಆಗಿದೆಯೇ ಎಂದು ಫಾರ್ಮಿನಲ್ಲಿ ಕೇಳಿದರೆ ಹೌದು ಎಂದು ಬರೆಯಿರಿ, ಬೇರೆ ದೇಶದ್ದಾದರೂ ಸರಿ.

ಹೊರಡುವ ಮುಂಚೆ

ವಿಮೆ ಇಲ್ಲದೆ ಹೋಗಲೇಬೇಡಿ. ಷೆಂಗೆನ್‌ಗೆ ಕನಿಷ್ಠ 30,000 ಯೂರೋದ ವಿಮೆ ಕಡ್ಡಾಯ. ಬೇರೆ ಕಡೆ ಕಡ್ಡಾಯವಿಲ್ಲದಿದ್ದರೂ ಮಾಡಿಸಿ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗೆ ದಾಖಲಾದರೆ ಪ್ರವಾಸಿಗರಿಂದ ಅಲ್ಲಿಯ ದರದ ಒಂದೂವರೆ ಪಟ್ಟು ವಸೂಲಿ ಮಾಡುತ್ತಾರೆ. ಬಿಪಿ, ಶುಗರ್ ಇರುವುದನ್ನು ವಿಮೆಯವರಿಗೆ ಮುಚ್ಚಿಡಬೇಡಿ. ಹಳೆಯ ಕಾಯಿಲೆಗೂ ಅನ್ವಯವಾಗುವ ಪಾಲಿಸಿ ಕೇಳಿ ತೆಗೆದುಕೊಳ್ಳಿ. ಮಾತ್ರೆಗಳು ಅವುಗಳ ಪೊಟ್ಟಣದಲ್ಲೇ ಇರಲಿ, ಡಾಕ್ಟರ ಪತ್ರ ಕೈಚೀಲದಲ್ಲಿರಲಿ.

ಡಬ್ಬಿಗಳ ವಿಷಯ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿ ಇಲ್ಲದೆ ನಾವು ಹೊರಡುವುದಿಲ್ಲ. ತಾಜಾ ಕರಿಬೇವು, ವೀಳ್ಯದೆಲೆ, ಹಣ್ಣು ಮಾತ್ರ ಬೇಡ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ತಿನ್ನುವ ಪದಾರ್ಥ ಏನೇ ಇದ್ದರೂ ಅಲ್ಲಿ ಇಳಿಯುವವರು ತುಂಬುವ ಫಾರ್ಮಿನಲ್ಲಿ ಬರೆದು ತಿಳಿಸಬೇಕು. ತಿಳಿಸಿದರೆ ಹೆಚ್ಚೆಂದರೆ ಇಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕರೆ ದಂಡ, ನ್ಯೂಜಿಲೆಂಡಿನಲ್ಲಿ 400 ಡಾಲರ್. ಕವಳ ಹಾಕುವವರು ಅಡಿಕೆಯನ್ನೂ ಮರೆಯದೆ ಬರೆಯಿರಿ.

ವಿಮಾನ ಇಳಿದ ಮೇಲೆ ಅಲ್ಲಿಯ ಅಧಿಕಾರಿ ಮತ್ತೆ ಕೇಳುತ್ತಾನೆ. ವೀಸಾ 10 ವರ್ಷದ್ದಿದ್ದರೂ ಈ ಸಲ ಎಷ್ಟು ದಿನ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಅಮೆರಿಕವಾದರೆ ಐ-94 ಎಂಬ ದಾಖಲೆಯಲ್ಲಿ ಆ ತಾರೀಕು ಇರುತ್ತದೆ, ಮಗನಿಂದ ಮರುದಿನವೇ ಪ್ರಿಂಟ್ ತೆಗೆಸಿ. ವೀಸಾದ ಮೇಲಿನ ಕೊನೆಯ ತಾರೀಕನ್ನೇ ಇರಬಹುದಾದ ಅವಧಿ ಎಂದು ತಿಳಿದು ಉಳಿದವರಿಗೆ ಮುಂದಿನ ವೀಸಾ ಕಷ್ಟವಾಗುತ್ತದೆ. ನಮ್ಮವರು ಹೋದ ದಿನವೇ ಆ ತಾರೀಕನ್ನು ಚೀಟಿಯಲ್ಲಿ ಬರೆದು ಮಗನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅದರ ಕೆಳಗೆ ಇನ್ನೊಂದು ತಾರೀಕು, ನಾವು ಹೊರಡುವ ದಿನದ್ದು. ಪಕ್ಕದಲ್ಲಿ ಬರೆದಿದ್ದರು: ತೋಟಕ್ಕೆ ಔಷಧಿ.